ಅನ್ಯರು ತೋಡಿದ ಗಣಿಯನ್ನು ತನ್ನದೆಂದ ದೇಶ

ಸ್ಲೊವಾಕಿಯಾ ಎಂಬ ಹೆಸರು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದದ್ದು 2022ರ ಮಾರ್ಚ್‌ನಲ್ಲಿ. ಯುದ್ಧ ಹತ್ತಿಕೊಂಡ ಉಕ್ರೇನಿನಿಂದ ಗಡಿ ದಾಟಿದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಕೆಲವರು ಅಲ್ಲಿನ ಕೊಶಿತ್ಸೆ ವಿಮಾನ ನಿಲ್ದಾಣದಿಂದ ಊರಿಗೆ ಮರಳಿದರು. ವಾಹನ ಉದ್ಯಮದವರಿಗೆ ನಿತ್ರಾ ಎಂಬ ಪಟ್ಟಣ ಗೊತ್ತು. ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ 2018ರಲ್ಲಿ ಅಲ್ಲಿ ಕಾರ್ಖಾನೆ ತೆರೆಯಿತು. ಇಷ್ಟು ಬಿಟ್ಟರೆ ನಮಗೆ ಅದು ಹಳೆಯ ಚೆಕೊಸ್ಲೊವಾಕಿಯಾದ ಉಳಿದರ್ಧ. ಮೊದಲರ್ಧವನ್ನು ಮೈಸೂರಿನ ಜಾವಾ ಬೈಕುಗಳ ದೆಸೆಯಿಂದ ಬಲ್ಲೆವು. ಎರಡನೆಯದನ್ನು ತಿಳಿದುಕೊಳ್ಳುವ ಗೋಜಿಗೆ ಯಾರೂ ಹೋಗಲಿಲ್ಲ.

ನಾನು ಬಂಗಾರಪೇಟೆಯವನು. ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಸರ್ವೇಯರ್ ಆಗಿದ್ದೆ. ಕೇಜಿನಲ್ಲಿ ಇಳಿದು, ಲೆವೆಲ್‌ಗಳನ್ನು ಅಳೆದು, ಮೇಲೆ ಬಂದು ನಕ್ಷೆಗೆ ಏರಿಸುವುದು ನನ್ನ ಕಸುಬು. ಮಗನಿಗೆ ನಿತ್ರಾದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕೆಲಸ. ಅವನಲ್ಲಿಗೆ ಹೋದಾಗಲೆಲ್ಲ ಕೋಟೆ, ಅರಮನೆ ತೋರಿಸುತ್ತೇನೆ ಎನ್ನುತ್ತಾನೆ. ನಾನು ಬಾನ್ಸ್ಕಾ ಶ್ಟ್ಯಾವ್ನಿತ್ಸಾ ಎಂಬ ಬೆಟ್ಟದೂರಿನ ದಾರಿ ಹಿಡಿಯುತ್ತೇನೆ. ಸುಮಾರು ಹತ್ತು ಸಾವಿರ ಜನರ ಆ ಸಣ್ಣ ಊರು ಒಂದು ಕಾಲಕ್ಕೆ ಯುರೋಪಿನ ಗಣಿ ವಿದ್ಯೆಯ ತಲೆಯೂರಾಗಿತ್ತು. ಅಲ್ಲಿ ಯಂತ್ರ ಕಟ್ಟಿದವರು, ಪಾಠ ಹೇಳಿದವರು, ದಾಖಲೆ ಬರೆದವರು ಬಹುಪಾಲು ಸ್ಲೊವಾಕ್ ಮಾತಾಡುವವರಲ್ಲ. ಆದರೂ ಸ್ಲೊವಾಕಿಯಾ ಆ ಪರಂಪರೆಯನ್ನು ತನ್ನದೆಂದು ಒಪ್ಪಿಕೊಂಡಿತು, ಕಾಪಾಡಿತು. ಬ್ರಿಟಿಷರು ತೆರೆದ, ಹೆಚ್ಚಾಗಿ ತಮಿಳು, ತೆಲುಗು ಮಾತಾಡುವ ಕಾರ್ಮಿಕರು ತೋಡಿದ ಕೆಜಿಎಫ್ ಅನ್ನು ಕರ್ನಾಟಕ ಇನ್ನೂ ಹಾಗೆ ಮನಸಾರೆ ತನ್ನದೆಂದಿಲ್ಲ. ಈ ಮಾತು ಹೇಳಬೇಕೆಂದೇ ಬರೆಯುತ್ತಿದ್ದೇನೆ.

ಮಧ್ಯ ಸ್ಲೊವಾಕಿಯಾದ ಬೆಟ್ಟಗಳಲ್ಲಿ ಗಣಿ ಪಟ್ಟಣಗಳ ಒಂದು ಗುಂಪೇ ಇದೆ. ಚಿನ್ನಕ್ಕೆ ಕ್ರೆಮ್ನಿತ್ಸಾ, ಬೆಳ್ಳಿಗೆ ಶ್ಟ್ಯಾವ್ನಿತ್ಸಾ, ತಾಮ್ರಕ್ಕೆ ಬಾನ್ಸ್ಕಾ ಬಿಸ್ಟ್ರಿತ್ಸಾ ಎಂಬುದು ಅಲ್ಲಿನವರ ಲೆಕ್ಕ. ಕ್ರೆಮ್ನಿತ್ಸಾದ ಟಂಕಸಾಲೆ 1328ರಲ್ಲಿ ಶುರುವಾದದ್ದು ಇಂದಿಗೂ ನಾಣ್ಯ ಒತ್ತುತ್ತಿದೆ. 1990ರ ದಶಕದ ಕೊನೆಗೆ ಭಾರತ ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಮಾಡಿಸಿದಾಗ ಒಂದು ಪಾಲು ಇಲ್ಲಿಯೂ ತಯಾರಾಯಿತು. ನಮ್ಮ ಸಂತೆಗಳಲ್ಲಿ ಆ ರೂಪಾಯಿಗಳು ಕೈಯಿಂದ ಕೈಗೆ ಓಡಾಡಿವೆ.

ಬಿಸ್ಟ್ರಿತ್ಸಾದ ತಾಮ್ರದ ಕಥೆ ಇನ್ನೂ ಹಳೆಯದು, ನಮ್ಮ ಕರಾವಳಿಗೂ ತಾಗುವಂಥದ್ದು. 1494ರಲ್ಲಿ ಥುರ್ಜೊ ಮನೆತನವೂ ಆಗ್ಸ್‌ಬರ್ಗಿನ ಸಾಹುಕಾರ ಫುಗ್ಗರ್ ಮನೆತನವೂ ಕೈಜೋಡಿಸಿ ಅಲ್ಲಿನ ತಾಮ್ರದ ವ್ಯಾಪಾರ ಕಟ್ಟಿದವು. ತಾಮ್ರ ಬಾಲ್ಟಿಕ್ ಸಮುದ್ರಕ್ಕಿಳಿದು ಆಂಟ್‌ವರ್ಪ್‌ಗೆ, ಅಲ್ಲಿಂದ ಲಿಸ್ಬನ್ನಿಗೆ ಹೋಗುತ್ತಿತ್ತು. ಭಾರತದ ಕಾಳುಮೆಣಸಿಗೆ ಬದಲು ಕೊಡಲು ಪೋರ್ಚುಗೀಸರು ಹೊತ್ತು ತರುತ್ತಿದ್ದ ಸರಕಿನಲ್ಲಿ ತಾಮ್ರವೇ ಮುಖ್ಯ. ವಿಜಯನಗರದ ಬಂದರಾಗಿದ್ದ ಭಟ್ಕಳಕ್ಕೆ ಬಂದಿಳಿಯುತ್ತಿದ್ದ ಸರಕುಗಳ ಸಾಲಿನಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ತಾಮ್ರವನ್ನೂ ಹೆಸರಿಸಿದ್ದಾನೆ. 2008ರಲ್ಲಿ ಆಫ್ರಿಕಾದ ನಮೀಬಿಯಾದಲ್ಲಿ, ಒರಾನ್ಯೆಮುಂಡ್ ಎಂಬಲ್ಲಿ, ವಜ್ರದ ಗಣಿಯವರು ಕಡಲಂಚಿನ ಮರಳು ಬಗೆಯುವಾಗ ಒಂದು ಮುಳುಗಿದ ಹಡಗು ಸಿಕ್ಕಿತು. 1533ರಲ್ಲಿ ಲಿಸ್ಬನ್ನಿನಿಂದ ಭಾರತಕ್ಕೆ ಹೊರಟು ಮರೆಯಾದ ‘ಬೊಂ ಜೆಸುಸ್’ ಅದು ಎಂದು ಪುರಾತತ್ವಜ್ಞರು ಗುರುತಿಸಿದ್ದಾರೆ. ಆಗ ವಿಜಯನಗರದಲ್ಲಿ ಅಚ್ಯುತದೇವರಾಯನ ಆಳ್ವಿಕೆ. ಹಡಗಿನ ಹೊಟ್ಟೆಯಲ್ಲಿ ಚಿನ್ನದ ನಾಣ್ಯ, ಆನೆದಂತಗಳ ಜೊತೆಗೆ ಫುಗ್ಗರ್ ಮನೆತನದ ತ್ರಿಶೂಲದ ಗುರುತು ಒತ್ತಿದ ಸುಮಾರು 17 ಟನ್ ತಾಮ್ರದ ಗಟ್ಟಿಗಳಿದ್ದವು. ಪರೀಕ್ಷೆ ಮಾಡಿದ ವಿಜ್ಞಾನಿಗಳು ಆ ತಾಮ್ರ ಸ್ಲೊವಾಕಿಯಾದ ಬೆಟ್ಟಗಳದ್ದೆಂಬ ತೀರ್ಮಾನಕ್ಕೆ ಬಂದಿದ್ದಾರೆ. ಆ ಹಡಗು ಮುಳುಗಿತು. ಅದರಂತೆ ಹೊರಟು ಕಾಳುಮೆಣಸಿನ ತೀರ ಮುಟ್ಟಿದ ಹಡಗುಗಳು ಎಷ್ಟೋ.

ಆ ತಾಮ್ರ ಅಗೆದವರ ಪಾಡನ್ನೂ ಹೇಳಬೇಕು. 1525–26ರಲ್ಲಿ ಬಿಸ್ಟ್ರಿತ್ಸಾದ ಗಣಿ ಕಾರ್ಮಿಕರು ದಂಗೆಯೆದ್ದರು. ಬೆಲೆಗೆಟ್ಟ ನಾಣ್ಯದಲ್ಲಿ ಕೂಲಿ ಕೊಡುತ್ತಾರೆ, ಆ ಕೂಲಿಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅವರ ದೂರು. ದಂಗೆಯನ್ನು ಸೈನ್ಯ ಕಳಿಸಿ ಅಡಗಿಸಿದರು, ಮುಂದಾಳುಗಳ ತಲೆ ತೆಗೆದರು. ಫುಗ್ಗರ್ ಮನೆತನದ ಸಂಪತ್ತಿನ ಮೇಲೆ ಪುಸ್ತಕಗಳು ಬಂದಿವೆ, ಬರುತ್ತಲೇ ಇವೆ. ಈ ದಂಗೆ ಮಾತ್ರ ಸ್ಲೊವಾಕಿಯಾದ ಹೊರಗೆ ಬಹಳ ಜನಕ್ಕೆ ಗೊತ್ತಿಲ್ಲ.

ಈಗ ಶ್ಟ್ಯಾವ್ನಿತ್ಸಾ. ಊರು ಕೂತಿರುವುದು ಎಂದೋ ಆರಿಹೋದ ಒಂದು ದೊಡ್ಡ ಜ್ವಾಲಾಮುಖಿಯ ಬಟ್ಟಲಿನಲ್ಲಿ. ಬೆಟ್ಟದ ಮೈಯಲ್ಲಿ ಬೆಳ್ಳಿ, ಚಿನ್ನದ ಅದಿರಿನ ಪಟ್ಟೆಗಳು ಸಾಲುಸಾಲಾಗಿ ಓಡಿವೆ. ಒಬ್ಬ ಕುರಿಗಾಹಿ ಎರಡು ಹಲ್ಲಿಗಳನ್ನು ಕಂಡನಂತೆ. ಒಂದರ ಬೆನ್ನಿಗೆ ಚಿನ್ನದ ಪುಡಿ, ಇನ್ನೊಂದರ ಬೆನ್ನಿಗೆ ಬೆಳ್ಳಿಯ ಪುಡಿ ಅಂಟಿತ್ತಂತೆ. ಅಲ್ಲಿನ ಜನ ಈ ಕಥೆ ಹೇಳಿ ಪ್ರತಿ ಸೆಪ್ಟೆಂಬರಿನಲ್ಲಿ ಗಣಿಗಾರರ ಮೆರವಣಿಗೆ ತೆಗೆಯುತ್ತಾರೆ. ಬೀದಿಯ ತಿರುವಿನಲ್ಲಿ 1681ರಲ್ಲಿ ಕಟ್ಟಿದ ಒಂದು ಗೋಪುರವಿದೆ. ಅದರಲ್ಲಿ ಗಂಟೆಯಿಲ್ಲ, ಮರದ ಹಲಗೆ. ಅದನ್ನು ಬಡಿದು ಕಾರ್ಮಿಕರನ್ನು ಎಬ್ಬಿಸುತ್ತಿದ್ದರು. ಗಣಿಯವರು ಸತ್ತಾಗಲೂ ಅದನ್ನೇ ಬಡಿಯುತ್ತಿದ್ದರು. ಕೆಜಿಎಫ್‌ನಲ್ಲಿ ಪಾಳಿಯ ಸೈರನ್ನಿಗೆ ಎದ್ದು, ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಮನೆಮನೆಯ ಹೆಂಗಸರು ಬಾಗಿಲಿಗೆ ಬರುತ್ತಿದ್ದುದನ್ನು ಕಂಡು ಬೆಳೆದವರಿಗೆ ಆ ಗೋಪುರದ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ.

1627ರ ಫೆಬ್ರವರಿ 8ರಂದು ಇಲ್ಲಿನ ಬೀಬರ್ ಗಣಿಯಲ್ಲಿ ಟಿರೋಲ್ ಪ್ರಾಂತ್ಯದಿಂದ ಬಂದ ಕಾಸ್ಪರ್ ವೈಂಡ್ಲ್ ಎಂಬಾತ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿದ. ಗಣಿಯೊಳಗೆ ಸಿಡಿಮದ್ದು ಬಳಸಿದ್ದಕ್ಕೆ ಲಿಖಿತ ದಾಖಲೆಯಿರುವ ಜಗತ್ತಿನ ಅತಿ ಹಳೆಯ ಪ್ರಯೋಗಗಳಲ್ಲಿ ಇದೊಂದು. ಗಣಿ ನ್ಯಾಯಾಲಯದ ಕಡತದಲ್ಲಿ ದಿನಾಂಕ ಸಮೇತ ಬರೆದಿಟ್ಟಿದ್ದಾರೆ. ಅಲ್ಲಿಯವರೆಗೆ ಉಳಿ, ಸುತ್ತಿಗೆ ಹಿಡಿದು ಕೆತ್ತಬೇಕಿತ್ತು, ಇಲ್ಲವೇ ಬಂಡೆಗೆ ಸೌದೆ ಒಟ್ಟಿ ಬೆಂಕಿಯಿಟ್ಟು ಬಿರಿಯುವಂತೆ ಮಾಡಬೇಕಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನಮ್ಮ ಪುರಾತನ ಗಣಿಗಾರರೂ ಬೆಂಕಿಯ ದಾರಿಯನ್ನೇ ಹಿಡಿದಿದ್ದರು. ಶ್ಟ್ಯಾವ್ನಿತ್ಸಾದಲ್ಲಿ ಪ್ರವಾಸಿಗರಿಗೆ ನಿಲುವಂಗಿ ತೊಡಿಸಿ, ತಲೆಗೆ ಟೋಪಿ, ಕೈಗೆ ದೀಪ ಕೊಟ್ಟು ಹಳೆಯ ಸುರಂಗಕ್ಕೆ ಇಳಿಸುತ್ತಾರೆ. ಉಳಿಯಿಂದ ಕಡಿದ ಭಾಗ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಅಗಲ, ಗೋಡೆ ನುಣುಪು. ಸಿಡಿಮದ್ದು ಬಂದ ಮೇಲಿನ ಭಾಗ ಅಗಲವಾಗಿ, ಒರಟೊರಟಾಗಿ ತೆರೆದುಕೊಳ್ಳುತ್ತದೆ. ಕಸುಬು ಬಲ್ಲವನಿಗೆ ಶತಮಾನ ಬದಲಾದದ್ದು ಗೋಡೆ ಮುಟ್ಟಿದರೆ ತಿಳಿಯುತ್ತದೆ.

ಮದ್ದು ಬಂದು ಗಣಿ ಬೇಗ ಆಳಕ್ಕಿಳಿಯಿತು. ಆಳಕ್ಕಿಳಿದಂತೆ ನೀರು ತುಂಬಿತು. 18ನೇ ಶತಮಾನದ ಆರಂಭಕ್ಕೆ ಕುದುರೆಗಳನ್ನು ಗಾಣಕ್ಕೆ ಕಟ್ಟಿದಂತೆ ಕಟ್ಟಿ ನೀರೆತ್ತಿಸುವ ಖರ್ಚು ತಡೆಯಲಾರದೆ ಗಣಿಗಳನ್ನೇ ಮುಚ್ಚುವ ಮಾತು ಎದ್ದಿತ್ತು. 1722ರಲ್ಲಿ ಹತ್ತಿರದ ನೋವಾ ಬಾನ್ಯಾದಲ್ಲಿ ಇಂಗ್ಲೆಂಡಿನ ಐಸಾಕ್ ಪಾಟರ್ ಒಂದು ಉಗಿಯಂತ್ರ ಕಟ್ಟಿ ನಿಲ್ಲಿಸಿದ. ಬ್ರಿಟನ್ ಬಿಟ್ಟರೆ ಯುರೋಪ್ ಖಂಡದಲ್ಲಿ ಓಡಿದ ಮೊದಲ ನ್ಯೂಕಾಮೆನ್ ಯಂತ್ರ ಅದು. ಆದರೆ ಉಗಿಗೆ ಸೌದೆ ಬೇಕು, ಸೌದೆಗೆ ಕಾಡು ಬೇಕು. ಊರಿನವರು ಹಿಡಿದ ಉಪಾಯ ಬೇರೆ: ನೀರಿನಿಂದಲೇ ನೀರೆತ್ತುವುದು.

ಬೆಟ್ಟದ ತಲೆಯಲ್ಲಿ ಹೊಳೆಯಿಲ್ಲ. ಹಾಗಾಗಿ ಮಳೆ ನೀರು, ಹಿಮ ಕರಗಿದ ನೀರನ್ನೆಲ್ಲ ಹಿಡಿಯಲು ಕಣಿವೆಗಳಿಗೆ ಅಡ್ಡ ಮಣ್ಣಿನ ಏರಿ ಹಾಕಿದರು. ಇಳಿಜಾರಿನ ಸುತ್ತ ಕಾಲುವೆ ತೆಗೆದು ದೂರದ ನೀರನ್ನೂ ಅವುಗಳಿಗೆ ತಿರುಗಿಸಿದರು. ಹೀಗೆ ಹುಟ್ಟಿದ ಸುಮಾರು 60 ಜಲಾಶಯಗಳನ್ನು ಅಲ್ಲಿ ತಾಯ್ಖ್ ಎನ್ನುತ್ತಾರೆ. ಒಂದಕ್ಕೊಂದು ಕಾಲುವೆಯಿಂದ ಜೋಡಿಸಿದ, ಒಟ್ಟು ಸುಮಾರು 70 ಲಕ್ಷ ಘನ ಮೀಟರ್ ನೀರು ಹಿಡಿಯುತ್ತಿದ್ದ ಈ ಏರ್ಪಾಡು ಕೋಲಾರದ ಕಡೆಯ ಕೆರೆಗಳ ಸರಪಣಿಯನ್ನೇ ಬೆಟ್ಟಕ್ಕೆ ಏರಿಸಿಟ್ಟಂತಿದೆ. ಇದರ ಹಿಂದಿನ ಮುಖ್ಯ ತಲೆಗಳಲ್ಲಿ ಒಂದು ಸಾಮ್ಯುಯೆಲ್ ಮಿಕೋವಿನಿಯದು. ಗಣಿತಜ್ಞ, ನಕ್ಷೆಗಾರ, ಎಂಜಿನಿಯರ್. 1740ರ ದಶಕದಲ್ಲಿ ಎದ್ದ ರೊಜ್‌ಗ್ರುಂಡ್ ಏರಿಯ ಮೇಲೆ ನಿಂತು ಕೆಳಗೆ ನೋಡಿದರೆ ಇಷ್ಟು ಕಡಿದಾದ ಮಣ್ಣಿನ ಕಟ್ಟೆ ಇನ್ನೂರೈವತ್ತು ವರ್ಷ ದಾಟಿಯೂ ಹೇಗೆ ನಿಂತಿದೆ ಎಂದು ಬೆರಗಾಗುತ್ತದೆ. ಇಂದಿಗೂ ಅದರಲ್ಲಿ ಕುಡಿಯುವ ನೀರು ಶೇಖರಿಸುತ್ತಾರೆ. ಉಳಿದುಕೊಂಡಿರುವ ಇಪ್ಪತ್ತಕ್ಕೂ ಹೆಚ್ಚು ತಾಯ್ಖ್‌ಗಳಲ್ಲಿ ಕೆಲವು ಬೇಸಿಗೆಯಲ್ಲಿ ಈಜುಗಾರರಿಂದ ತುಂಬಿರುತ್ತವೆ. ನಾನು ನೋಡಿ ನಮಸ್ಕರಿಸಿದ್ದು ಕಾಲುವೆಗಳಿಗೆ. ಕಿಲೋಮೀಟರುಗಟ್ಟಲೆ ಓಡುವ ಕಾಲುವೆಗೆ ನೀರು ನಿಲ್ಲದಷ್ಟು, ಮಣ್ಣು ಕೊಚ್ಚದಷ್ಟು ಮಾತ್ರ ಇಳಿಜಾರು ಕೊಡುವುದು ಎಷ್ಟು ಕಷ್ಟವೆಂದು ಮಟ್ಟ ಹಿಡಿದವರಿಗೆ ಗೊತ್ತು.

ಆ ನೀರಿನಿಂದ ಓಡುವ ಯಂತ್ರ ಕಟ್ಟಿದವರಲ್ಲಿ ಯೋಜೆಫ್ ಕಾರೊಲ್ ಹೆಲ್ ದೊಡ್ಡವನು. ಅವನ ತಂದೆ ಮತೇಯ್ ಕೊರ್ನೆಲ್ ಹೆಲ್ ಕೂಡ ಗಣಿಯ ಯಂತ್ರಗಾರ. ಮಗ 1749ರಲ್ಲಿ, ಎತ್ತರದಿಂದ ಕೊಳವೆಯಲ್ಲಿ ಇಳಿಯುವ ನೀರಿನ ಭಾರದಿಂದಲೇ ಕೊಂತವನ್ನು ತಳ್ಳಿಸಿ ಆಳದ ನೀರೆತ್ತುವ ಯಂತ್ರ ಓಡಿಸಿದ. ನಾಲ್ಕು ವರ್ಷಕ್ಕೆ ಒತ್ತಿದ ಗಾಳಿಯ ಶಕ್ತಿಯಿಂದ ನೀರೆತ್ತುವ ಇನ್ನೊಂದು ಯಂತ್ರ ಬಂತು. ಅದರ ಬಾಯಿಂದ ಗಾಳಿ ರಭಸವಾಗಿ ಹೊರಬರುವಾಗ ಮಂಜುಗಡ್ಡೆ ಕಟ್ಟುತ್ತಿದ್ದುದನ್ನು ನೋಡಿದವರು ಬರೆದಿಟ್ಟರು. 1788ರಲ್ಲಿ ಎರಾಸ್ಮಸ್ ಡಾರ್ವಿನ್, ಅಂದರೆ ಚಾರ್ಲ್ಸ್ ಡಾರ್ವಿನ್ನನ ಅಜ್ಜ, ಹಿಗ್ಗುವ ಗಾಳಿ ತಣ್ಣಗಾಗುತ್ತದೆಂದು ವಾದಿಸಿ ಬರೆದ ಲೇಖನದಲ್ಲಿ ಈ ಗಣಿಯ ಯಂತ್ರವನ್ನು ಸಾಕ್ಷಿಗೆ ಕರೆದ. ಚಾಂಪಿಯನ್ ರೀಫ್‌ನ ಆಳದಲ್ಲಿ ಬಂಡೆಯ ಕಾವಿಗೆ ಉಸಿರು ಕಟ್ಟುತ್ತಿತ್ತು. ಮೇಲೆ ಯಂತ್ರವಿಟ್ಟು ಗಾಳಿ ತಂಪುಮಾಡಿ ಕೆಳಗೆ ಕಳಿಸುತ್ತಿದ್ದರು. ಆ ತಂಪನ್ನು ಉಂಡವನು ನಾನು. ಗಾಳಿ ತಂಪಾಗುವ ಗುಟ್ಟಿನ ಒಂದು ಬೇರು ಈ ಬೆಟ್ಟದಲ್ಲಿತ್ತೆಂದು ತಿಳಿದಾಗ ಮನಸ್ಸು ತುಂಬಿ ಬಂತು.

ಯೋಜೆಫನ ತಮ್ಮ ಮಾಕ್ಸಿಮಿಲಿಯನ್ ಹೆಲ್ ಪಾದ್ರಿಯಾಗಿ, ಖಗೋಳ ವಿಜ್ಞಾನಿಯಾಗಿ ವಿಯೆನ್ನಾ ವೀಕ್ಷಣಾಲಯದ ಮುಖ್ಯಸ್ಥನಾದ. 1769ರಲ್ಲಿ ನಾರ್ವೆಯ ಉತ್ತರ ತುದಿಯ ವಾರ್ಡೊ ದ್ವೀಪಕ್ಕೆ ಹೋಗಿ ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ಅಳೆದ. ಅವನು ಅಂಕಿಗಳನ್ನು ಆಮೇಲೆ ತಿದ್ದಿದ್ದಾನೆ, ಶಾಯಿಯ ಬಣ್ಣವೇ ಹೇಳುತ್ತದೆ ಎಂದು 1835ರಲ್ಲಿ ಲಿಟ್ರೊ ಎಂಬ ಖಗೋಳಜ್ಞ ಆರೋಪ ಹೊರಿಸಿದ. 1883ರಲ್ಲಿ ಅಮೆರಿಕದ ಸೈಮನ್ ನ್ಯೂಕಾಂಬ್ ಮೂಲ ಹಸ್ತಪ್ರತಿಯನ್ನೇ ಕೂಲಂಕಷ ನೋಡಿ ಅದು ಸುಳ್ಳೆಂದು ತೋರಿಸಿಕೊಟ್ಟ. ಲಿಟ್ರೊಗೆ ಬಣ್ಣಗುರುಡು ಇತ್ತು. ಸತ್ತು ತೊಂಬತ್ತೊಂದು ವರ್ಷವಾದ ಮೇಲೆ ಹೆಲ್‌ಗೆ ನ್ಯಾಯ ಸಿಕ್ಕಿತು. ಮೂಲ ಕಾಗದ ಯಾರೋ ಜೋಪಾನ ಮಾಡಿಟ್ಟಿದ್ದರಿಂದ ಸಿಕ್ಕಿತು.

1735ರಲ್ಲಿ ಊರಿನಲ್ಲಿ ಗಣಿ ಶಾಲೆ ತೆರೆಯಿತು, ಮಿಕೋವಿನಿಯೇ ಅದರ ಮೊದಲ ಗುರು. 1762ರಲ್ಲಿ, ಆಗ ಈ ನಾಡನ್ನೂ ಆಳುತ್ತಿದ್ದ ಮಾರಿಯಾ ತೆರೇಸಾ ರಾಣಿಯ ಆಜ್ಞೆಯಿಂದ ಅದು ಗಣಿ ಅಕಾಡೆಮಿಯಾಗಿ ಬೆಳೆಯಿತು. ಇಲ್ಲಿ ರಸಾಯನ ಪಾಠವೆಂದರೆ ಗುರು ಹೇಳಿದ್ದನ್ನು ಬರೆದುಕೊಳ್ಳುವುದಲ್ಲ. ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ನಿಂತು ಅದಿರು ಕರಗಿಸಿ, ತೂಗಿ, ಬೇರ್ಪಡಿಸಿ ಕಲಿಯಬೇಕು. 1794ರಲ್ಲಿ ಪ್ಯಾರಿಸಿನಲ್ಲಿ ಹೊಸ ಎಂಜಿನಿಯರಿಂಗ್ ಶಾಲೆ ಕಟ್ಟುವ ಚರ್ಚೆಯಾಗುವಾಗ ರಸಾಯನ ವಿಜ್ಞಾನಿ ಫೂರ್‌ಕ್ರುವಾ ಈ ಊರಿನ ಪಾಠಕ್ರಮವನ್ನು ಮಾದರಿಯಾಗಿ ಎತ್ತಿಹಿಡಿದ. ನಮ್ಮ ಪಾಠಪುಸ್ತಕಗಳ ಡಾಪ್ಲರ್ ಪರಿಣಾಮದ ಡಾಪ್ಲರ್ ಕೂಡ 1840ರ ದಶಕದ ಕೊನೆಗೆ ಇಲ್ಲಿ ಮೇಷ್ಟರಾಗಿದ್ದ. 1786ರಲ್ಲಿ ಹತ್ತಿರದ ಸ್ಕ್ಲೆನೆ ತೆಪ್ಲಿತ್ಸೆ ಎಂಬ ಬಿಸಿನೀರ ಬುಗ್ಗೆಯ ಹಳ್ಳಿಯಲ್ಲಿ ಇಗ್ನಾತ್ಸ್ ಫಾನ್ ಬಾರ್ನ್ ಪಾದರಸದಿಂದ ಬೆಳ್ಳಿ, ಚಿನ್ನ ಬೇರ್ಪಡಿಸುವ ತನ್ನ ವಿಧಾನ ತೋರಿಸಲು ಹಲವು ದೇಶಗಳ ತಜ್ಞರನ್ನು ಸೇರಿಸಿದ. ಅಲ್ಲಿ ಹುಟ್ಟಿದ ಗಣಿ ವಿದ್ಯಾ ಸಂಘಕ್ಕೆ ಜರ್ಮನ್ ಕವಿ ಗಯಟೆ, ಉಗಿಯಂತ್ರದ ಜೇಮ್ಸ್ ವಾಟ್ ಕೂಡ ಸದಸ್ಯರಾದರು. ದೇಶಗಳ ಗಡಿ ದಾಟಿ ಕಟ್ಟಿದ ಮೊದಮೊದಲ ವಿಜ್ಞಾನ ಸಂಘಗಳಲ್ಲಿ ಅದೊಂದು. 1782ರಲ್ಲಿ ಶ್ಟ್ಯಾವ್ನಿತ್ಸಾದಲ್ಲಿ 23 ಸಾವಿರಕ್ಕೂ ಹೆಚ್ಚು ಜನ. ಆಗ ಈ ನಾಡು ಸೇರಿದ್ದ ಹಂಗೇರಿ ರಾಜ್ಯದ ಮೂರನೆಯ ದೊಡ್ಡ ಪಟ್ಟಣ.

ಇವರೆಲ್ಲ ಯಾರ ಜನ? ವೈಂಡ್ಲ್ ಟಿರೋಲಿನವನು, ಪಾಟರ್ ಇಂಗ್ಲೆಂಡಿನವನು, ಹೆಲ್ ಮನೆಯವರು ಜರ್ಮನ್ ಮಾತಾಡುವವರು. ಅಕಾಡೆಮಿಯ ಪಾಠ ಜರ್ಮನ್‌ನಲ್ಲಿ, ಆಮೇಲೆ ಹಂಗೇರಿಯನ್‌ನಲ್ಲಿ ನಡೆಯಿತು. ಮಿಕೋವಿನಿಯನ್ನು ಹಂಗೇರಿಯವರೂ ಸ್ಲೊವಾಕರೂ ತಮ್ಮವನೆನ್ನುತ್ತಾರೆ. ಊರಿನ ಲೈಸಿಯಂ ಶಾಲೆಯಲ್ಲಿ ಓದಿದ ಶಾಂಡೋರ್ ಪೆಟೊಫಿ ಹಂಗೇರಿಯ ರಾಷ್ಟ್ರಕವಿಯಾದ. ಅದೇ ಶಾಲೆಯ ಅಂದ್ರೇಯ್ ಸ್ಲಾದ್ಕೊವಿಚ್ ಊರಿನ ಹುಡುಗಿಯೊಬ್ಬಳ ಮೇಲಿನ ಒಲವಿನಿಂದ ‘ಮರೀನಾ’ ಎಂಬ ಕಾವ್ಯ ಬರೆದು ಸ್ಲೊವಾಕರ ಪ್ರೀತಿಯ ಕವಿಯಾದ. 1918ರಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದು ಚೆಕೊಸ್ಲೊವಾಕಿಯಾ ಹುಟ್ಟಿದಾಗ ಅಕಾಡೆಮಿ ಗಂಟುಮೂಟೆ ಕಟ್ಟಿ ಹಂಗೇರಿಯ ಶೊಪ್ರೊನ್ ಊರಿಗೆ ಹೋಯಿತು.

ಊರಿನ ಸಾಮಾನ್ಯ ಸ್ಲೊವಾಕರ ಪಾಲಿಗೆ ಬಂದದ್ದು ದುಡಿಮೆ, ಬಡತನ, ಗುಳೆ. 19ನೇ ಶತಮಾನದ ಕೊನೆಯಿಂದ ಲಕ್ಷಗಟ್ಟಲೆ ಸ್ಲೊವಾಕರು ದೇಶ ಬಿಟ್ಟರು. ಬಹಳ ಜನ ಹೋಗಿ ಇಳಿದದ್ದು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಿಗೆ. 1897ರ ಸೆಪ್ಟೆಂಬರ್ 10ರಂದು ಲ್ಯಾಟಿಮರ್ ಎಂಬಲ್ಲಿ ಬರಿಗೈಯಲ್ಲಿ ಮೆರವಣಿಗೆ ಹೊರಟ ಮುಷ್ಕರನಿರತರ ಮೇಲೆ ಶೆರಿಫನ ಪಡೆ ಗುಂಡು ಹಾರಿಸಿ 19 ಜನರನ್ನು ಕೊಂದಿತು; ಸತ್ತವರಲ್ಲಿ ಸ್ಲೊವಾಕರೂ ಇದ್ದರು. ಅದೇ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಯಲ್ಲಿ ಸ್ಲೊವಾಕ್ ಗಣಿಗಾರರ ಚರ್ಚಿನ ಪಾದ್ರಿಯಾಗಿದ್ದ ಯೋಜೆಫ್ ಮುರ್ಗಾಶ್ ನಿಸ್ತಂತು ತಂತಿಯ ಪ್ರಯೋಗ ಮಾಡಿ 1904ರಲ್ಲಿ ಪೇಟೆಂಟ್ ಪಡೆದ, ಮರುವರ್ಷ ನವೆಂಬರಿನಲ್ಲಿ ಜನರೆದುರೇ ಸ್ಕ್ರ್ಯಾಂಟನ್ ಊರಿಗೆ ಸಂದೇಶ ಕಳಿಸಿದ. ಗಣಿಯಲ್ಲಿ ದುಡಿಯುತ್ತಿದ್ದ ಶ್ತೆಫಾನ್ ಬಾನಿಚ್ 1914ರಲ್ಲಿ ಒಂದು ಪ್ಯಾರಾಚೂಟಿಗೆ ಪೇಟೆಂಟ್ ಪಡೆದ. ಊರಿಗೆ ಮರಳಿ ಗಾರೆ ಕೆಲಸ ಮಾಡಿಕೊಂಡಿದ್ದ, ತನ್ನ ಹಳ್ಳಿಯ ಪಕ್ಕದ ದ್ರಿನಿ ಗುಹೆಯನ್ನು ಪತ್ತೆ ಮಾಡಿದ. ಗಣಿ ಮುಚ್ಚಿದ ಮೇಲೆ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕಾವಲಿಗೆ, ಅಂಗಡಿ ಕೆಲಸಕ್ಕೆ ಹೋಗುವ ಕೆಜಿಎಫ್ ಜನರ ನಡುವೆ ಎಂಥ ಕೈಗಳಿವೆಯೋ ಎಂದು ನಾನು ಬಾನಿಚನನ್ನು ನೆನೆದಾಗಲೆಲ್ಲ ಯೋಚಿಸುತ್ತೇನೆ.

ಸ್ಲೊವಾಕಿಯಾವನ್ನು ಹೊಗಳಿ ಮುಗಿಸಿಬಿಡಲು ನನಗೆ ಮನಸ್ಸಿಲ್ಲ. ಹಿಟ್ಲರನ ಆಸರೆಯಲ್ಲಿದ್ದ ಸ್ಲೊವಾಕ್ ಸರ್ಕಾರ 1942ರಲ್ಲಿ ತನ್ನದೇ ಪ್ರಜೆಗಳಾದ ಸುಮಾರು 58,000 ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿತು, ಸಾಗಿಸಿದ ತಲೆಗೆ 500 ರೈಕ್‌ಮಾರ್ಕಿನಂತೆ ಜರ್ಮನಿಗೆ ಹಣ ಕೊಡಲೂ ಒಪ್ಪಿತು. ಆ ಸರ್ಕಾರದ ಅಧ್ಯಕ್ಷ ಯೋಜೆಫ್ ತಿಸೊ ಒಬ್ಬ ಕ್ಯಾಥೊಲಿಕ್ ಪಾದ್ರಿ. ಆಶ್‌ವಿಟ್ಸ್ ಶಿಬಿರದಿಂದ 1944ರ ಏಪ್ರಿಲಿನಲ್ಲಿ ತಪ್ಪಿಸಿಕೊಂಡು ಬಂದು, ಝಿಲಿನಾ ಊರಿನಲ್ಲಿ ಕೂತು ಅಲ್ಲಿನ ಕೊಲೆಗಳ ಲೆಕ್ಕ ಬರೆಸಿದ ರುಡಾಲ್ಫ್ ವ್ರ್ಬಾ, ಅಲ್ಫ್ರೆಡ್ ವೆಟ್ಸ್ಲರ್ ಇಬ್ಬರೂ ಇದೇ ಸ್ಲೊವಾಕಿಯಾದ ಮಕ್ಕಳು. ಯುದ್ಧದ ನಂತರ ಶತಮಾನಗಳಿಂದ ಇಲ್ಲೇ ಬಾಳಿದ್ದ ಜರ್ಮನ್ನರನ್ನು ಹೊರಹಾಕಿದರು. ಕಟ್ಟಿದವರ ಕಲ್ಲು ಉಳಿಯಿತು, ಅವರ ಮೊಮ್ಮಕ್ಕಳಿಗೆ ಊರಿನಲ್ಲಿ ಜಾಗ ಉಳಿಯಲಿಲ್ಲ. ಇದನ್ನು ಮರೆತು ಆ ಬೀದಿಗಳಲ್ಲಿ ನಡೆಯುವುದು ನನಗಾಗುವುದಿಲ್ಲ. ಪರಂಪರೆಯನ್ನು ಒಪ್ಪಿಕೊಳ್ಳುವುದೆಂದರೆ ಆ ಜನರನ್ನೂ ಒಪ್ಪಿಕೊಳ್ಳುವುದು. ಈ ಅರ್ಧ ಪಾಠವನ್ನು ಅವರು ಬಹಳ ತಡವಾಗಿ, ಬಹಳ ರಕ್ತ ಹರಿದ ಮೇಲೆ ಕಲಿಯುತ್ತಿದ್ದಾರೆ.

ಆದರೂ 1993ನ್ನು ನಾನು ಗೌರವದಿಂದ ಕಾಣುತ್ತೇನೆ. ಆ ವರ್ಷ ಜನವರಿ 1ಕ್ಕೆ ಸ್ಲೊವಾಕಿಯಾ ಸ್ವತಂತ್ರ ದೇಶವಾಯಿತು. ಹೊಸ ದೇಶಕ್ಕೆ ತನ್ನ ಭಾಷೆ, ತನ್ನ ಬಾವುಟ, ತನ್ನ ವೀರರು ಬೇಕೆನಿಸುವ ಹೊತ್ತು. ಶ್ಟ್ಯಾವ್ನಿತ್ಸಾದಲ್ಲಿ ಅದಿರಿನ ಕೆಲಸ ನಿಂತುಹೋಗುತ್ತಿತ್ತು. ಪಕ್ಕದ ಹೊದ್ರುಶಾದ ಗಣಿಯಲ್ಲಿ ಮಾತ್ರ ಚಿನ್ನ ತೆಗೆಯುವುದು ಮುಂದುವರಿಯಿತು. ಅದೇ ವರ್ಷ ಊರು, ಸುತ್ತಲಿನ ತಾಯ್ಖ್‌ಗಳು, ಗಣಿಯ ಕಟ್ಟಡಗಳೆಲ್ಲ ಸೇರಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಏರಿದವು. ಜರ್ಮನ್ ಹೆಸರಿನ ಯಂತ್ರಗಾರ, ಹಂಗೇರಿಯ ಅಕಾಡೆಮಿ, ವಿಯೆನ್ನಾದ ಖಜಾನೆಗೆ ಹೋದ ಬೆಳ್ಳಿ ಎಲ್ಲವೂ ಸ್ಲೊವಾಕ್ ಫಲಕಗಳಲ್ಲಿ ಸಿಗುತ್ತವೆ. 2023ರ ಮಾರ್ಚ್‌ನಲ್ಲಿ ಹಳೆಯ ಚೌಕದ ಮನೆಗಳಿಗೆ ಬೆಂಕಿ ಬಿದ್ದಾಗ ಇಡೀ ದೇಶ ಮರುಗಿತು.

ವೋಜ್ನಿತ್ಸಾ ಸುರಂಗದ ಬಗ್ಗೆ ಹೇಳದಿದ್ದರೆ ನನ್ನ ಕಸುಬಿಗೆ ಅನ್ಯಾಯ. ಗಣಿಗಳ ನೀರನ್ನು ಎತ್ತುವ ಬದಲು ತಾನೇ ಹರಿದು ಹೊಳೆಗೆ ಸೇರುವಂತೆ ಬೆಟ್ಟದಡಿ 16 ಕಿಲೋಮೀಟರ್ ಸುರಂಗ ಕೊರೆಯಲು 1782ರಲ್ಲಿ ಶುರುಮಾಡಿದರು. ಮುಗಿದದ್ದು 1878ರಲ್ಲಿ. ಅಜ್ಜ ಶುರುಮಾಡಿದ್ದನ್ನು ಮೊಮ್ಮಗನ ಮಗ ಮುಗಿಸಿದ. ಮುಗಿದಾಗ ಜಗತ್ತಿನ ಅತಿ ಉದ್ದದ ಸುರಂಗಗಳ ಸಾಲಿಗೆ ಸೇರಿತು. ಇಂದಿಗೂ ಆ ಬೆಟ್ಟದ ಗಣಿಗಳ ನೀರು ಅದರಲ್ಲೇ ಹರಿಯುತ್ತಿದೆ. 96 ವರ್ಷ ಒಂದೇ ದಿಕ್ಕಿಗೆ, ಒಂದೇ ಮಟ್ಟಕ್ಕೆ ಕೊರೆಯುವುದು ಸಾಧ್ಯವಾದದ್ದು ನಕ್ಷೆಗಳಿಂದ. ಒಬ್ಬ ಸರ್ವೇಯರ್ ಸತ್ತರೆ ಮುಂದಿನವನು ಅವನ ಹಾಳೆ ಬಿಡಿಸಿ ಕೆಲಸ ಮುಂದುವರಿಸಿದ. ಆ ಹಾಳೆಗಳು ಇವತ್ತಿಗೂ ಇವೆ. ಶ್ಟ್ಯಾವ್ನಿತ್ಸಾದ ಗಣಿ ದಫ್ತರದಲ್ಲಿ ಶತಮಾನಗಳ ಸಾವಿರಾರು ನಕ್ಷೆಗಳನ್ನು ಕಾಪಾಡಿದ್ದಾರೆ. 2007ರಲ್ಲಿ ಯುನೆಸ್ಕೋ ಆ ಸಂಗ್ರಹವನ್ನು ‘ಜಗತ್ತಿನ ನೆನಪು’ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. ಮೂರು ಕಿಲೋಮೀಟರಿಗೂ ಆಳ ಇಳಿದು, 800 ಟನ್ನಿನಷ್ಟು ಚಿನ್ನ ಕೊಟ್ಟು, 2001ರ ಫೆಬ್ರವರಿ ಕೊನೆಗೆ ಮುಚ್ಚಿದವು. 1965ರಲ್ಲಿ ಚಾಂಪಿಯನ್ ರೀಫ್‌ನ ಎರಡು ಕಿಲೋಮೀಟರಿಗೂ ಕೆಳಗೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಜಗತ್ತಿನಲ್ಲೇ ಮೊದಲು ಸಿಕ್ಕ ಕಾಲದಲ್ಲಿ, ಗಣಿಯಾಳದ ಆ ಪ್ರಯೋಗಗಳ ಹಿಂದಿದ್ದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಇದ್ದರು. ಈ ಒಂದು ವಿಷಯ ಸಾಲದೇ ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು? ಈಗ ಕೆಜಿಎಫ್ ಎಂದರೆ ಸಿನಿಮಾ. ಇಲ್ಲವೇ ಚಿನ್ನ ತೆಗೆದು ಬಿಟ್ಟ ಪುಡಿಯ ಸೈನೈಡ್ ದಿಬ್ಬದಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿದೆ ಎಂಬ ಲೆಕ್ಕಾಚಾರ. ದಿಬ್ಬದ ಧೂಳು ಕುಡಿಯುವ ಬಡಾವಣೆಗಳ ಮಾತು ಆ ಲೆಕ್ಕದಲ್ಲಿ ಬರುವುದಿಲ್ಲ.

“ಅದು ತಮಿಳರ ಊರು ಸಾರ್” ಎಂದು ಎಷ್ಟು ಜನ ವಿದ್ಯಾವಂತರ ಬಾಯಲ್ಲಿ ಕೇಳಿದ್ದೇನೆ. ಪೀಳಿಗೆಗಳಿಂದ ಕೋಲಾರದ ಬಂಡೆಯೊಳಗೆ ಸತ್ತವರು, ಶ್ವಾಸಕೋಶ ಕಲ್ಲಾದವರು, ಒತ್ತಡಕ್ಕೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್‌ಗೆ ಸಿಕ್ಕವರು ನಮ್ಮವರಲ್ಲದೆ ಇನ್ನಾರು? ಅವರು ತೋಡಿದ್ದು ಈ ನೆಲವನ್ನು, ಆ ಚಿನ್ನದಿಂದ ಬೆಳೆದದ್ದು ಈ ರಾಜ್ಯ. ಶ್ಟ್ಯಾವ್ನಿತ್ಸಾದ ಫಲಕಗಳಲ್ಲಿ ಜರ್ಮನ್ ಹೆಸರು ಓದಿ ಸ್ಲೊವಾಕ್ ಮಕ್ಕಳು ಹಿಗ್ಗಬಹುದಾದರೆ ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ, ಇಂಗ್ಲಿಷ್ ಹೆಸರುಗಳನ್ನು ಒಂದೇ ಗೋಡೆಯ ಮೇಲೆ ಬರೆಯಲು ನಮಗೇನು ಅಡ್ಡಿ?

ಗಣಿ ಬಾಯಿಯ ಹೆಡ್‌ಗೇರ್ ಗೋಪುರಗಳು ತುಕ್ಕು ಹಿಡಿಯುತ್ತಿವೆ, ಅವುಗಳನ್ನು ಉಳಿಸಲು ದುಡ್ಡು ಬೇಕು, ಕಾಯಬೇಕಾದೀತು. ನಕ್ಷೆಗಳ ಕೆಲಸ ಕಾಯಬೇಕಿಲ್ಲ. ನೂರಿಪ್ಪತ್ತು ವರ್ಷಗಳ ಲೆವೆಲ್ ನಕ್ಷೆ, ಸೆಕ್ಷನ್ ಡ್ರಾಯಿಂಗ್, ಸರ್ವೇ ಪುಸ್ತಕ, ಅಪಘಾತದ ವರದಿ ಎಲ್ಲವನ್ನೂ ಒಂದೆಡೆ ಸೇರಿಸಿ, ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡುವಂತೆ ಇಡಬೇಕು. ಬೆಂಗಳೂರಿಗೆ ಒಯ್ಯಬಾರದು, ಕೆಜಿಎಫ್‌ನಲ್ಲೇ ಇರಬೇಕು. ಉರಿಗಾಂನ ಸ್ಕೂಲ್ ಆಫ್ ಮೈನ್ಸ್ ವಿದ್ಯಾರ್ಥಿಗಳೇ ಈ ಕೆಲಸ ಮಾಡಬಲ್ಲರು. ಯಾವ ಗುರುತು ಅದಿರು ತೆಗೆದ ಯಾವ ಸ್ಟೋಪಿನದು, ಪೆನ್ಸಿಲಿನಲ್ಲಿ ಬರೆದ ಯಾವ ಅಂಕಿ ಯಾವ ವರ್ಷದ ಅಳತೆ ಎಂದು ಹೇಳಬಲ್ಲ ಹಳೆಯ ಸರ್ವೇಯರ್‌ಗಳು, ಮೇಸ್ತ್ರಿಗಳು ರಾಬರ್ಟ್‌ಸನ್‌ಪೇಟೆಯಲ್ಲಿ, ಬಂಗಾರಪೇಟೆಯಲ್ಲಿ ಇನ್ನೂ ಇದ್ದೇವೆ. ನಮ್ಮಲ್ಲಿ ಬಹಳ ಜನಕ್ಕೆ ಎಪ್ಪತ್ತು ದಾಟಿದೆ. ಸರ್ಕಾರ ಒಂದು ಕೋಣೆ, ಒಂದು ಉದ್ದನೆಯ ಮೇಜು ಕೊಟ್ಟರೆ ಸಂಬಳ ಕೇಳದೆ ಬಂದು ಕೂರುತ್ತೇವೆ.